ಕಂಪ್ಯೂಟರಿಗೊಂದು ಉಲ್ಲನ್ ಗವಸು

ಕಂಡದ್ದಕ್ಕೆಲ್ಲ ಗವಸು ಹಾಕುತ್ತೇನೆ ಎಂಬುದು ನನ್ನ ಮೇಲಿರುವ ಹಳೆಯ ದೂರು. ಮೊನ್ನೆ ಮನೆಗೆ ಬಂದಿದ್ದ ತಂಗಿಯ ಮಗಳು ಮಿಕ್ಸಿಯ ಗವಸನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ದೊಡ್ಡಮ್ಮಾ, ಇದಕ್ಕೆ ಚಳಿ ಆಗುತ್ತಾ?" ಎಂದು ಕೇಳಿ ಕಿಸಕ್ಕನೆ ನಕ್ಕಳು. ನನಗೆ ಮೈ ಉರಿದುಹೋಯಿತು. ನಾನು ಹೆಣೆದ ಗವಸನ್ನು ಸತ್ತ ಇಲಿಯನ್ನು ಹಿಡಿದ ಹಾಗೆ ಹಿಡಿಯುವುದೆಂದರೇನು? ಕಾಫಿಗೆ ಸಕ್ಕರೆ ಕಡಿಮೆ ಹಾಕಿ ಸೇಡು ತೀರಿಸಿಕೊಂಡೆ. ಅವಳು ಡಯಟ್ಟಿನಲ್ಲಿದ್ದಳಂತೆ, "ಸೂಪರ್ ಕಾಫಿ ದೊಡ್ಡಮ್ಮ" ಎಂದು ಹೋದಳು.

ಚಳಿಯಲ್ಲ ಕಣೇ, ಮಸಿ ಎಂದು ಅವಳಿಗೆ ಹೇಗೆ ಹೇಳಲಿ? ಎಪ್ಪತ್ತರ ದಶಕದಲ್ಲಿ ಯಶವಂತಪುರದ ರೈಲ್ವೆ ಸ್ಟೇಷನ್ನಿನ ಮಗ್ಗುಲಿನ ಬೀದಿಯಲ್ಲಿ ಬೆಳೆದಿದ್ದರೆ ಅವಳಿಗೂ ಗೊತ್ತಿರುತ್ತಿತ್ತು. ಕಲ್ಲಿದ್ದಲಿನ ಎಂಜಿನ್ನು ಶಂಟಿಂಗ್ ಮಾಡುತ್ತಾ ಹಿಂದಕ್ಕೂ ಮುಂದಕ್ಕೂ ಓಡಾಡಿತೆಂದರೆ ಮುಗಿಯಿತು, ನಮ್ಮ ಮನೆಯ ತುಂಬ ಕರಿ ಹುಡಿ. ಒಣಹಾಕಿದ ಪಂಚೆಯ ಮೇಲೆ, ಹಪ್ಪಳದ ಮೇಲೆ, ಹಾಲಿನ ಕೆನೆಯ ಮೇಲೆ. ಅಮ್ಮ ದಿನಕ್ಕೆ ಮೂರು ಸಲ ಗುಡಿಸುತ್ತಿದ್ದಳು, ಮೂರು ಸಲವೂ ಎಂಜಿನ್ನಿಗೆ ಹಿಡಿಶಾಪ ಹಾಕುತ್ತಿದ್ದಳು. ಕೊನೆಗೆ ಎಂಜಿನ್ನನ್ನು ಮುಚ್ಚಲಾಗದೆ ಮನೆಯೊಳಗಿನ ಸಾಮಾನುಗಳನ್ನೇ ಮುಚ್ಚತೊಡಗಿದಳು. ನೀರಿನ ಹೂಜಿಗೆ ಗವಸು, ಗೋಡೆ ಗಡಿಯಾರಕ್ಕೆ ಗವಸು, ಹೊಲಿಗೆ ಮೆಷಿನ್ನಿಗೆ ಗವಸು.

ಅಪ್ಪನ ವಾಲ್ವ್ ರೇಡಿಯೋದ ಗವಸಿನ ಮೇಲೆ ಎರಡು ಗಿಳಿಗಳಿದ್ದವು. ಸಂಜೆಯ ವಾರ್ತೆಗೆ ಮುಂಚೆ ಅಪ್ಪ ಅದನ್ನು ತೆಗೆದು, ಮಡಚಿ, ಕುರ್ಚಿಯ ಬೆನ್ನಿಗೆ ಹಾಕಿ, ಆಮೇಲೆ ರೇಡಿಯೋದ ಕಿವಿ ಹಿಂಡುತ್ತಿದ್ದರು. ಆರಿಸಿದ ಮೇಲೂ ಅದರ ತಲೆ ಮುಟ್ಟಿ ನೋಡಿ, ತಣ್ಣಗಾಗಿದೆಯೆಂದು ಖಾತ್ರಿಯಾದ ಮೇಲೆಯೇ ಮತ್ತೆ ಹೊದಿಸುತ್ತಿದ್ದರು. ಇಷ್ಟೆಲ್ಲವನ್ನೂ ದಿನವೂ ನೋಡಿ ಬೆಳೆದವಳು ನಾನು. ನನ್ನ ತಲೆಯಲ್ಲಿ ಉಳಿದದ್ದು ಗಿಳಿಗಳು ಮಾತ್ರ.

ಮದುವೆಯಾಗಿ ಆರ್.ಟಿ. ನಗರಕ್ಕೆ ಬಂದಾಗ ಅಲ್ಲಿ ಮಸಿಯೂ ಇರಲಿಲ್ಲ, ಎಂಜಿನ್ನೂ ಇರಲಿಲ್ಲ. ಆದರೂ ಕೈ ಸುಮ್ಮನಿರಬೇಕಲ್ಲ. ಟ್ರಾನ್ಸಿಸ್ಟರು, ಸ್ಟೆಬಿಲೈಸರು, ಗ್ಯಾಸ್ ಸಿಲಿಂಡರು, ಯಾವುದನ್ನೂ ಬಿಡಲಿಲ್ಲ. "ನನಗೂ ಒಂದು ಹೆಣೆದುಬಿಡು, ಧೂಳು ಕೂತಿದೆ" ಎಂದು ಯಜಮಾನರು ಹೇಳಿದ್ದನ್ನು ನಾನು ತಮಾಷೆಯೆಂದು ತೆಗೆದುಕೊಳ್ಳಲಿಲ್ಲ, ಅವರಿಗೊಂದು ಮಫ್ಲರ್ ಹೆಣೆದುಕೊಟ್ಟೆ.

ಈಗ ಕಂಪ್ಯೂಟರಿಗೆ ಬರುತ್ತೇನೆ. ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ. ನೀವೂ ಸ್ವಲ್ಪ ಸಿಟ್ಟು ಮಾಡಿಕೊಳ್ಳಿ, ಜೊತೆಯಿದ್ದರೆ ಧೈರ್ಯ.

ಎಂಬತ್ತರ ದಶಕದ ಕೊನೆಯ ಹೊತ್ತು. ನಾನು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಪಂಪ್‌ಸೆಟ್ಟಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ. ಮಾಲೀಕರ ಬಾಂಬೆ ಆಫೀಸಿನಲ್ಲಿ ಹೊಸ ಕಂಪ್ಯೂಟರ್ ಬಂತೆಂದು ಅಲ್ಲಿಯ ಹಳೆಯದನ್ನು ನಮಗೆ ಸಾಗಹಾಕಿದರು. ಅವರಿಗೆ ಹಳತು, ನಮಗೆ ಹೊಸತು. ಲಾರಿಯಿಂದ ಇಳಿಸುವಾಗ ಕಾರ್ಖಾನೆಯ ಅರ್ಧ ಜನ ಮೆಷಿನ್ ನಿಲ್ಲಿಸಿ ನೋಡಲು ಬಂದಿದ್ದರು. ನಮ್ಮ ಮ್ಯಾನೇಜರ್ ನಂಜುಂಡಯ್ಯನವರು ಅದಕ್ಕೊಂದು ಕೋಣೆ ಕೊಟ್ಟರು, ಕೋಣೆಗೆ ಬೀಗ ಹಾಕಿಸಿದರು, ಚಪ್ಪಲಿ ಹೊರಗೆ ಬಿಡಬೇಕೆಂದು ಬೋರ್ಡು ಹಾಕಿಸಿದರು. ಆಮೇಲೆ ಊಟದ ಹೊತ್ತಿನಲ್ಲಿ ನನ್ನ ಹತ್ತಿರ ಬಂದು, "ಜಯಲಕ್ಷ್ಮಿಯವ್ರೇ, ಇದಕ್ಕೆ ಧೂಳು ಬಿದ್ರೆ ಕೆಟ್ಟೋಗುತ್ತಂತೆ. ನಿಮ್ಮ ಕೈಚಳಕ ತೋರಿಸ್ರೀ" ಎಂದರು.

ನನಗೆ ಹೇಳಬೇಕೆ? ಬಾಟಲ್ ಹಸಿರು ಬಣ್ಣದ ಉಲ್ಲನ್ ತಂದೆ. ಹದಿನೈದು ದಿನ ಊಟದ ಬಿಡುವಿನಲ್ಲಿ ಕ್ರೋಶಾ ಕಡ್ಡಿ ಹಿಡಿದು ಕೂತೆ. ಪರದೆಗೊಂದು ಕಿಟಕಿ, ಫ್ಲಾಪಿ ಹಾಕುವ ಬಾಯಿಗೊಂದು ಕಿಟಕಿ, ಕಿಟಕಿಗಳ ಸುತ್ತ ಚಿಪ್ಪಿನಾಕಾರದ ಹೆಣಿಗೆಯ ಅಂಚು. ಹಿಂಭಾಗವನ್ನು ಮಾತ್ರ ಪೂರ್ತಿ ಮುಚ್ಚಿದೆ. ಅಲ್ಲಿ ಬರೀ ವೈರುಗಳು, ಒಂದು ಜಾಲರಿ, ನೋಡಲು ಅಸಹ್ಯ. ಗವಸು ಹಾಕಿದ ದಿನ ನಂಜುಂಡಯ್ಯನವರು ಎಲ್ಲರನ್ನೂ ಕರೆದು ತೋರಿಸಿದರು. ಸಾಯಂಕಾಲದೊಳಗೆ ಗೋಡೆಗೆ ಒಂದು ಆಜ್ಞೆ ಟೈಪಾಗಿ ಅಂಟಿಕೊಂಡಿತು: ಕೆಲಸದ ಸಮಯದಲ್ಲಿಯೂ ಗವಸನ್ನು ಯಾವ ಕಾರಣಕ್ಕೂ ತೆಗೆಯಕೂಡದು. ಕೆಳಗೆ ಅವರ ರುಜು, ರಬ್ಬರ್ ಸ್ಟಾಂಪು. ನನ್ನ ಹೆಣಿಗೆಗೆ ಸರ್ಕಾರಿ ಮರ್ಯಾದೆ ಸಿಕ್ಕಿದಷ್ಟು ಖುಷಿಯಾಯಿತು.

ಕಂಪ್ಯೂಟರ್ ಮುಂದೆ ಕೂರಲು ಹೊಸದಾಗಿ ಬಂದವಳು ಸುವರ್ಣಾ. ಗದಗಿನ ಕಡೆಯವಳು, ಮತ್ತಿಕೆರೆಯಲ್ಲಿ ಅಕ್ಕ ಭಾವನ ಮನೆಯಲ್ಲಿದ್ದಳು. ಆರು ತಿಂಗಳು ಪ್ರೊಬೇಷನ್, ಆಮೇಲೆ ಕಾಯಂ. ಕಾಯಂ ಆಗದಿದ್ದರೆ ಊರಿಗೆ ವಾಪಸು ಎಂದು ಭಾವ ಮೊದಲೇ ಹೇಳಿಬಿಟ್ಟಿದ್ದನಂತೆ. "ಒಮ್ಮೆ ಹೋದ್ರ ಮತ್ತ ಬರಾಕ ಬಿಡಂಗಿಲ್ರೀ ಅಕ್ಕಾರ" ಎಂದು ನನ್ನ ಹತ್ತಿರ ಒಂದೇ ಸಲ ಹೇಳಿದ್ದಳು. ಹೆಚ್ಚು ಮಾತಿಲ್ಲ, ಕೆಲಸದಲ್ಲಿ ಮಾತ್ರ ಬಲು ಚುರುಕು. ಒಂದು ನೋಟ್‌ಬುಕ್ ಇಟ್ಟುಕೊಂಡು ಕಂಡದ್ದನ್ನೆಲ್ಲ ಬರೆದುಕೊಳ್ಳುವ ಚಾಳಿ.

ಬಂದ ಎರಡನೆಯ ವಾರವೇ ಸ್ಟೋರ್ಸಿಗೆ ಬಂದು ನಿಂತಳು. "ಅಕ್ಕಾರ, ಅದರ ಹಿಂದ ಭಾಳ ಬಿಸಿ ಆಗಾಕತ್ತೈತ್ರೀ. ಚಾಲೂ ಇದ್ದಾಗ ಗವಸ ತೆಗದ್ರ ನಡೀತೈತೇನ್ರೀ?"

ನನಗೆ ಸುರ್ರೆಂದಿತು. ನಿನ್ನೆ ಮೊನ್ನೆ ಬಂದ ಹುಡುಗಿ ನನ್ನ ಹದಿನೈದು ದಿನದ ಕೆಲಸವನ್ನು ತೆಗೆಯಲೇ ಎಂದು ಕೇಳುವುದೆ? "ಗೋಡೆ ಮೇಲೆ ಬರ್ದಿರೋದು ಓದಕ್ಕೆ ಬರಲ್ವೇನೇ? ಬಿಸಿ ಆಗ್ದೇ ಇನ್ನೇನು, ಕರೆಂಟ್ ತಿನ್ನೋ ಮೆಷಿನ್ ಅದು" ಎಂದೆ. "ಆತ್ರಿ" ಎಂದು ಹೋದಳು. ಮತ್ತೆ ಕೇಳಲಿಲ್ಲ.

ಐದನೆಯ ತಿಂಗಳಿನಲ್ಲಿ ಒಂದು ಮಂಗಳವಾರ, ಸುವರ್ಣಾ ಕೆಲಸ ಮಾಡುತ್ತಿರುವಾಗಲೇ ಪಟಾರೆಂದು ಸದ್ದಾಯಿತು. ಪರದೆ ಕಪ್ಪಾಯಿತು, ಕೋಣೆಯ ತುಂಬ ಸುಟ್ಟ ವಾಸನೆ. ನಂಜುಂಡಯ್ಯನವರು ಚಪ್ಪಲಿ ಸಮೇತ ಒಳಗೆ ಓಡಿ ಬಂದರು. ಎಲ್ಲರೂ ಸುವರ್ಣಾಳ ಮುಖ ನೋಡಿದರು. ನಾನು ಏನು ಮಾಡಿದೆ ಗೊತ್ತೆ? ಗವಸನ್ನು ತೆಗೆದೆ. ವಾಸನೆ ಹಿಡಿದೀತೆಂದು ನನಗೆ ನಾನೇ ಹೇಳಿಕೊಂಡು, ನಾಲ್ಕು ಮಡಿಕೆ ಮಾಡಿ, ಸ್ಟೋರ್ಸಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅದರ ಬೆನ್ನಿನ ಮೇಲೆ ಅಂಗೈ ಅಗಲದ ಕಂದು ಕಲೆಯಿತ್ತು. ಚಹಾ ಚೆಲ್ಲಿರಬೇಕು ಎಂದುಕೊಂಡೆ. ಆ ಕೋಣೆಗೆ ಚಹಾ ಬಿಡುತ್ತಲೇ ಇರಲಿಲ್ಲ.

ಮಾರನೆಯ ದಿನ ಕಂಪ್ಯೂಟರ್ ನೋಡಿಕೊಳ್ಳುವ ಕಂಪನಿಯಿಂದ ಇಂಜಿನಿಯರು ಬಂದ. ಆ ಮಹಾಶಯನನ್ನು ನೆನೆದರೆ ನನ್ನ ಹಲ್ಲು ತಾನಾಗಿ ಕಡಿಯುತ್ತದೆ. ಕುತ್ತಿಗೆಗೆ ಟೈ, ಕೈಯಲ್ಲಿ ಸೂಟ್‌ಕೇಸು. ನಾಲ್ಕು ಸ್ಕ್ರೂ ಬಿಚ್ಚಿ, ಒಳಗಿದ್ದ ಇಟ್ಟಿಗೆಯಷ್ಟು ದಪ್ಪದ ತಗಡಿನ ಪೆಟ್ಟಿಗೆಯನ್ನು ಈಚೆಗೆ ಎಳೆದಿಟ್ಟ. ಕರೆಂಟನ್ನು ಪಳಗಿಸಿ ಒಳಗಿನ ಭಾಗಗಳಿಗೆ ಹಂಚುವ ಪೆಟ್ಟಿಗೆ ಅದು, ಪವರ್ ಸಪ್ಲೈ. "ಇದು ಔಟ್. ಹೊಸದು ಬಾಂಬೆಯಿಂದ ಬರ್ಬೇಕು. ಮೂರು ತಿಂಗ್ಳು ಅಂದ್ಕೊಳಿ" ಎಂದ. ಪೆಟ್ಟಿಗೆಯ ಮುಚ್ಚಳವನ್ನು ತೆಗೆಯಲಿಲ್ಲ, ಮೂಸಿ ಕೂಡ ನೋಡಲಿಲ್ಲ. ಯಾಕೆ ಹೋಯಿತೆಂದು ಮ್ಯಾನೇಜರ್ ಕೇಳಿದ್ದಕ್ಕೆ, "ಆಪರೇಟ್ ಮಾಡೋರು ಸರಿಯಾಗಿ ಮಾಡಿರಲ್ಲ" ಎಂದು ಭುಜ ಕುಣಿಸಿ, ಅದನ್ನೇ ಇಂಗ್ಲಿಷಿನಲ್ಲಿ ವರದಿಯಾಗಿ ಬರೆದು, ನಮ್ಮ ಕ್ಯಾಂಟೀನಿನ ಎರಡು ಉದ್ದಿನ ವಡೆ ತಿಂದು ಹೊರಟುಹೋದ. ನೋಡದೆ, ಮುಟ್ಟದೆ, ಒಬ್ಬ ಹುಡುಗಿಯ ಅನ್ನಕ್ಕೆ ಕಲ್ಲು ಹಾಕಿ ಹೋದ.

ಗುರುವಾರ ಸುವರ್ಣಾಳಿಗೆ ಮೆಮೋ ಬಂತು. ನಿಮ್ಮ ನಿರ್ಲಕ್ಷ್ಯದಿಂದ ಯಂತ್ರ ಕೆಟ್ಟಿದೆ, ನಿಮ್ಮನ್ನು ಕಾಯಂ ಮಾಡದಿರಲು ಇದೇ ಕಾರಣವೆಂದು ಯಾಕೆ ಪರಿಗಣಿಸಬಾರದು, ಸೋಮವಾರ ಹನ್ನೊಂದು ಗಂಟೆಯೊಳಗೆ ಉತ್ತರ ಕೊಡಿ. ಅವಳು ಓದಿ, ಮಡಚಿ, ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡಳು. ಅವಳ ಪರವಾಗಿ ಕೂಗಾಡಿದ್ದೆಲ್ಲ ನಾನು. ನೇರವಾಗಿ ನಂಜುಂಡಯ್ಯನವರ ಮೇಜಿನ ಮುಂದೆ ಹೋಗಿ ನಿಂತೆ.

"ಸಾರ್, ಮುಚ್ಚಳ ಬಿಚ್ಚದೇ ಬರ್ದಿರೋ ವರದಿ ಅದು. ನಮ್ಮ ಬೀದೀಲಿ ಗೌಸ್ ಭಾಯಿ ಅಂತಿದ್ದಾರೆ, ಇಪ್ಪತ್ತು ವರ್ಷದಿಂದ ರೇಡಿಯೋ ಟಿವಿ ರಿಪೇರಿ ಮಾಡ್ತಾರೆ. ಕರ್ಕೊಂಡ್ ಬರ್ಲಾ?"

"ಟಿವಿ ರಿಪೇರಿಯವನನ್ನ ಕಂಪ್ಯೂಟರ್ ರೂಮಿಗೆ ಬಿಡೋದಾ? ಏನ್ ಮಾತಾಡ್ತೀರಿ ಜಯಲಕ್ಷ್ಮಿಯವ್ರೇ!" ಎಂದು ಅವರು ಅಕ್ಷರಶಃ ಕುರ್ಚಿಯಿಂದ ಎದ್ದರು. ಟೈ ಕಟ್ಟಿದವನು ವಡೆ ತಿಂದು ಸುಳ್ಳು ಬರೆದು ಹೋಗಬಹುದು, ಗೌಸ್ ಭಾಯಿ ಹೊಸಿಲು ದಾಟಬಾರದು. ಇದ್ಯಾವ ನ್ಯಾಯ ನೀವೇ ಹೇಳಿ.

ಆದರೆ ಕೆಟ್ಟ ಸಾಮಾನೆಲ್ಲ ಕೊನೆಗೆ ಬರುವುದು ಸ್ಟೋರ್ಸಿಗೆ, ಅಲ್ಲಿ ನನ್ನದೇ ಆಡಳಿತ. ಆ ಪೆಟ್ಟಿಗೆಯೂ ಬಂತು. ಶನಿವಾರ ಸಂಜೆ, ರಿಪೇರಿಗೆ ಹೋಗಿ ವಾಪಸ್ ಬರುವ ಸಾಮಾನು ಎಂದು ಗೇಟ್ ಪಾಸ್ ಬರೆದು, ರುಜು ಮಾಡಿ, ಪೆಟ್ಟಿಗೆಯನ್ನು ನನ್ನ ವೈರ್ ಬುಟ್ಟಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಹತ್ತಾರು ಬಣ್ಣದ ವೈರುಗಳು ಬುಟ್ಟಿಯಿಂದ ಹೊರಗೆ ಇಣುಕುತ್ತಿದ್ದವು. ಕಂಡಕ್ಟರ್ ಬಗ್ಗಿ ನೋಡಿ, "ಏನಮ್ಮಾ ಅದು? ಕರೆಂಟ್ ಗಿರೆಂಟ್ ಹೊಡಿಯುತ್ತಾ?" ಎಂದ. "ಕಂಪ್ಯೂಟರ್‌ದು" ಎಂದೆ ಗತ್ತಿನಿಂದ. ಪಕ್ಕದ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಳು. ನನ್ನ ಜೀವಮಾನದಲ್ಲಿ ಅಷ್ಟು ಅಗಲವಾಗಿ ಕೂತು ಆರ್.ಟಿ. ನಗರ ತಲುಪಿದ್ದು ಅದೊಂದೇ ಸಲ.

ಭಾನುವಾರ ಮಧ್ಯಾಹ್ನ ಗೌಸ್ ಭಾಯಿ ನಮಾಜು ಮುಗಿಸಿ ಬಂದು ಅಂಗಡಿಯ ಬಾಗಿಲು ಅರ್ಧ ಎತ್ತಿದರು. ನಾನು ಸ್ಟೂಲಿನ ಮೇಲೆ ಕೂತು, ಮ್ಯಾನೇಜರಿನಿಂದ ಹಿಡಿದು ಬಾಂಬೆಯವರೆಗೆ ಎಲ್ಲರನ್ನೂ ಬೈಯುತ್ತಿದ್ದೆ. ಅವರು ಹ್ಞೂಂಗುಟ್ಟುತ್ತಾ ಮುಚ್ಚಳದ ಸ್ಕ್ರೂ ತಿರುಗಿಸುತ್ತಿದ್ದರು. ಬಿಚ್ಚಿದ ತಕ್ಷಣ ಕೈ ಹಾಕಲಿಲ್ಲ. ಒಂದು ಬಲ್ಬಿನ ಎರಡು ವೈರುಗಳನ್ನು ಒಳಗಿನ ದಪ್ಪ ಕಂಡೆನ್ಸರಿಗೆ ತಾಗಿಸಿ ಹಿಡಿದರು. "ಪ್ಲಗ್ ಕಿತ್ರೂ ಇದು ಒಳಗೆ ಕರೆಂಟ್ ಬಚ್ಚಿಟ್ಕೊಂಡಿರುತ್ತಮ್ಮ. ಇಷ್ಟು ದಿನಕ್ಕೆ ಇಳ್ದಿರುತ್ತೆ, ಆದ್ರೂ ನಂಬಬಾರ್ದು." ಆಮೇಲೆ ಒಳಗೆ ಇಣುಕಿ ನಕ್ಕರು. "ಕಂಪ್ಯೂಟರ್ ಅಂದ್ರೆ ಏನೋ ಅಂದ್ಕೊಂಡಿದ್ದೆ. ಇದು ಕಲರ್ ಟಿವಿ ತಮ್ಮ ಕಣಮ್ಮಾ."

ಮತ್ತೆ ಅವರು ಚಿಮಟ ಹಾಕಿ ಅದರ ಸಣ್ಣ ಫ್ಯಾನಿನ ಬುಡದಿಂದ ಏನನ್ನೋ ಎಳೆದರು. ಅದು ಬರುತ್ತಲೇ ಇತ್ತು. ಮೇಜಿನ ಮೇಲೆ ನಿಂಬೆಹಣ್ಣಿನ ಗಾತ್ರದ ಒಂದು ಉಂಡೆಯಾಯಿತು. ಧೂಳಿನ ಅಡಿಯಲ್ಲಿ ಅದರ ಬಣ್ಣ ಕಾಣುತ್ತಿತ್ತು. ಬಾಟಲ್ ಹಸಿರು.

"ಇದು ಯಾವ ಉಲ್ಲನ್ನಮ್ಮಾ?"

"ಯಾರಿಗ್ ಗೊತ್ತು" ಎಂದೆ. ಹೇಳುತ್ತಲೇ, ಗವಸಿನಿಂದ ಉಳಿದಿದ್ದ ಅದೇ ಹಸಿರು ಉಲ್ಲನ್ನಿನ ಚೆಂಡನ್ನು ಬುಟ್ಟಿಯ ತಳಕ್ಕೆ ತಳ್ಳಿದೆ. ಅವರು ನೋಡಿದರು.

"ಇದು ಸಿಕ್ಕಾಕ್ಕೊಂಡು ಫ್ಯಾನ್ ನಿಂತೋಗಿದೆ. ಹಿಂದೆ ಗಾಳಿ ಹೋಗಕ್ಕೂ ಜಾಗ ಇರ್ಲಿಲ್ಲ ಅನ್ಸುತ್ತೆ. ಕಾವು ಏರಿ ಏರಿ ಕಂಡೆನ್ಸರ್ ಒಡ್ದಿದೆ, ಅದ್ರ ಜೊತೆಗೆ ಟ್ರಾನ್ಸಿಸ್ಟರ್ ಹೋಗಿದೆ, ಫ್ಯೂಸ್ ಹೋಗಿದೆ" ಎಂದು ಒಂದೊಂದನ್ನೇ ತೋರಿಸಿದರು. ಹಳೆಯ ಟಿವಿಗಳ ರಾಶಿಯಿಂದ ಒಂದೊಂದೇ ಭಾಗ ಹುಡುಕಿ ಬೆಸುಗೆ ಹಾಕಿದರು, ಫ್ಯಾನಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟರು. ನೇರವಾಗಿ ಕರೆಂಟಿಗೆ ಹಾಕಲಿಲ್ಲ, ನಡುವೆ ನೂರು ಕ್ಯಾಂಡಲ್ಲಿನ ಬಲ್ಬೊಂದನ್ನು ಸೇರಿಸಿದರು. ಅದು ಜೋರಾಗಿ ಉರಿದರೆ ಒಳಗೆ ಇನ್ನೂ ಶಾರ್ಟ್ ಇದೆ ಎಂದರ್ಥವಂತೆ. ಇನ್ನೊಂದು ತುದಿಗೆ ಸ್ಕೂಟರಿನ ಪುಟ್ಟ ಬಲ್ಬು. ಕರೆಂಟು ಎಳೆದುಕೊಳ್ಳುವ ಹೊರೆಯೊಂದಿಲ್ಲದೆ ಈ ಪೆಟ್ಟಿಗೆ ಏಳುವುದೇ ಇಲ್ಲವಂತೆ. ಸ್ವಿಚ್ ಹಾಕಿದರು. ದೊಡ್ಡ ಬಲ್ಬು ಒಮ್ಮೆ ಮಿಂಚಿ ಮಂಕಾಯಿತು, ಸಣ್ಣದು ಹತ್ತಿತು, ಫ್ಯಾನು ತಿರುಗಿತು. ನನಗೆ ಕೈ ಮುಗಿಯಬೇಕೆನಿಸಿತು. ಮುಗಿಯಲಿಲ್ಲ, ಅವರ ಕಣ್ಣು ತಪ್ಪಿಸಿ ಫ್ಯಾನನ್ನೇ ನೋಡುತ್ತಿದ್ದೆ.

"ಚಾಲೂ ಟಿವಿ ಮೇಲೆ ಗವಸು ಹೊದಿಸ್ತಾರಲ್ಲ, ಅವ್ರಿಂದಾನೇ ನಮ್ಮನೆ ಒಲೆ ಉರಿಯೋದು. ಅದಕ್ಕೆ ನಾನು ಬೈಯಕ್ಕೆ ಹೋಗಲ್ಲ" ಎಂದರು ಗೌಸ್ ಭಾಯಿ. ಸ್ವಿಚ್ ಆರಿಸಿ, "ಇದನ್ನ ಯಾರ ತಲೆಗಾದ್ರೂ ಕಟ್ಟಿದ್ದಾರಾ?" ಎಂದು ಕೇಳಿದರು.

"ಒಬ್ಬ ಹುಡುಗಿ ತಲೆಗೆ."

"ಹುಡುಗೀದಲ್ಲ ಅಂತ ಹೇಳ್ಬಿಡಿ. ಬೇಕಾದ್ರೆ ನಾನ್ ಬರ್ಕೊಡ್ತೀನಿ. ನನ್ ಬರವಣಿಗೆ ನಡಿಯಲ್ಲ ಅಂದ್ರೆ ಇದನ್ನೇ ತೋರ್ಸಿ" ಎಂದು ಆ ಹಸಿರು ಉಂಡೆಯನ್ನು ಉರ್ದು ಪತ್ರಿಕೆಯ ಚೂರಿನಲ್ಲಿ ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟರು.

ಸೋಮವಾರ ಬೆಳಿಗ್ಗೆ ಬಸ್ಸು ಮೇಖ್ರಿ ಸರ್ಕಲ್ ದಾಟುವಾಗ ಆ ಪೊಟ್ಟಣವನ್ನು ಕಿಟಕಿಯಿಂದಾಚೆ ಎಸೆದುಬಿಡಬೇಕೆಂದು ಬಲವಾಗಿ ಅನಿಸಿತು. ಎಸೆಯಲಿಲ್ಲ. ದೊಡ್ಡ ಮನಸ್ಸು ಎಂದುಕೊಳ್ಳಬೇಡಿ, ಕಿಟಕಿ ಪಕ್ಕದ ಸೀಟು ಸಿಕ್ಕಿರಲಿಲ್ಲ.

ಪೆಟ್ಟಿಗೆಯನ್ನು ಮತ್ತೆ ಒಳಗೆ ಕೂರಿಸಿದ್ದು ಸುವರ್ಣಾ. ಇಂಜಿನಿಯರು ಬಿಚ್ಚುವಾಗ ಯಾವ ಪ್ಲಗ್ಗು ಎಲ್ಲಿತ್ತೆಂದು ಆಕೆ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡಿದ್ದಳು. "ಕರಿ ವೈರ್ ಕರಿ ವೈರಿನ ಮಗ್ಗಲಕ್ಕ ಬರಬೇಕ್ರೀ" ಎಂದು ಗೊಣಗುತ್ತಾ ಒಂದೊಂದನ್ನೇ ಒತ್ತಿದಳು. ಸ್ವಿಚ್ ಹಾಕಿದಳು. ಕಂಪ್ಯೂಟರ್ ಬೀಪೆಂದು ಕೂಗಿ ಪರದೆಯ ಮೇಲೆ ಅಕ್ಷರ ಮೂಡಿಸಿತು. ನಂಜುಂಡಯ್ಯನವರು ಮಗುವಿನ ಹಾಗೆ ಚಪ್ಪಾಳೆ ಹೊಡೆದರು.

"ಹಾಗಾದ್ರೆ ಮೆಮೋ ವಾಪಸ್ ತಗೊಳಿ ಸಾರ್" ಎಂದೆ.

"ರಿಪೇರಿ ಬೇರೆ, ಮೆಮೋ ಬೇರೆ. ಇಂಜಿನಿಯರ್ ಬರ್ದಿದ್ದಾರಲ್ರೀ. ಎಲ್ಲಮ್ಮಾ ನಿನ್ ಉತ್ತರ?" ಎಂದು ಅವರು ಸುವರ್ಣಾಳತ್ತ ಕೈ ಚಾಚಿದರು. ಅವಳು ನೋಟ್‌ಬುಕ್ಕಿನಿಂದ ಒಂದು ಹಾಳೆ ತೆಗೆದು ಕೊಟ್ಟಳು. ಅವರು ಗಟ್ಟಿಯಾಗಿ ಓದಿದರು: "ಯಂತ್ರ ಕೆಟ್ಟ ಕಾರಣ ನನಗೆ ತಿಳಿಯದು." ಅಷ್ಟೇ ಇತ್ತು. "ತಿಳಿಯದು ಅಂದ್ರೆ? ಇದು ಉತ್ತರಾನಾ?" ಎಂದು ಅವರ ದನಿ ಏರಿತು.

ನಾನು ಪೊಟ್ಟಣ ಬಿಚ್ಚಿ ಅವರ ಮುಂದಿಟ್ಟೆ.

"ಏನ್ರೀ ಇದು?"

"ನನ್ನ ಉಲ್ಲನ್ ಸಾರ್. ಅದರ ಫ್ಯಾನಿನೊಳಗೆ ಸಿಕ್ತು. ಗವಸು ಹೆಣೆದೋಳು ನಾನು. ತೆಗೀಬಾರ್ದು ಅಂತ ಆರ್ಡರ್ ಹಾಕಿದ್ದು ನೀವು. ಬಿಸಿ ಆಗ್ತಿದೆ, ತೆಗೀಲಾ ಅಂತ ಕೇಳ್ದೋಳು ಇವಳೊಬ್ಳೇ. ಅವ್ಳಿಗೆ ಬೈದು ಕಳ್ಸಿದ್ದೂ ನಾನೇ. ಈಗ ಯಾರಿಗೆ ಮೆಮೋ ಕೊಡ್ಬೇಕೋ ಕೊಡಿ."

ಸಿಟ್ಟಿನಲ್ಲೇ ಹೇಳಿದೆ. ಸಿಟ್ಟು ಅವರ ಮೇಲೋ ನನ್ನ ಮೇಲೋ ಆಗ ವಿಂಗಡಿಸುವಷ್ಟು ಪುರುಸೊತ್ತಿರಲಿಲ್ಲ. ನಂಜುಂಡಯ್ಯನವರು ಉಂಡೆಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಗೋಡೆಯ ಮೇಲಿದ್ದ ತಮ್ಮದೇ ರುಜುವನ್ನು ನೋಡಿದರು. ಎದ್ದು ಹೋಗಿ, ಅಂಟು ಬಿಡಿಸಿ, ಆ ಕಾಗದವನ್ನು ಚಿಕ್ಕದಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ಯಾರಿಗೂ ಮೆಮೋ ಬರಲಿಲ್ಲ. ಸುವರ್ಣಾಳದು ಹರಿದುಹೋಯಿತು, ತಿಂಗಳಾದ ಮೇಲೆ ಅವಳು ಕಾಯಂ ಆದಳು. ಫೈಲಿನಲ್ಲಿ ಮಾತ್ರ ಕಾರಣದ ಮುಂದೆ "ಸಹಜ ಸವೆತ" ಎಂದು ಬರೆದರು. ಸವೆತವಂತೆ! ಗೌಸ್ ಭಾಯಿಯ ಹೆಸರಿಲ್ಲ, ಗವಸಿನ ಹೆಸರಿಲ್ಲ, ಇಂಜಿನಿಯರಿನ ಸುಳ್ಳಿಗೆ ಒಂದು ಅಡ್ಡಗೆರೆ ಕೂಡ ಇಲ್ಲ. ಆ ಫೈಲು ಇವತ್ತು ಸಿಕ್ಕಿದರೂ ನಾನು ಕೆಂಪು ಶಾಯಿಯಲ್ಲಿ ತಿದ್ದುತ್ತೇನೆ.

ಆ ಸೋಮವಾರ ಸಂಜೆ ಮನೆಗೆ ಹೊರಡುವಾಗ ಸುವರ್ಣಾ ಸ್ಟೋರ್ಸಿಗೆ ಬಂದಳು. ಥ್ಯಾಂಕ್ಸ್ ಹೇಳುತ್ತಾಳೆ, ನಾನು "ಅಯ್ಯೋ ಬಿಡೇ" ಎನ್ನಬೇಕು ಎಂದು ಮನಸ್ಸಿನಲ್ಲೇ ಸಿದ್ಧವಾಗಿದ್ದೆ. ಅವಳು ನೋಟ್‌ಬುಕ್ಕನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಳು. ನಾನೇ ತಡೆಯಲಾರದೆ ರೇಗಿದೆ.

"ಏನೇ ನಿನ್ ಉತ್ತರ? ತಿಳಿಯದು ಅಂತ ಬರೆಯೋದಾ? ಕೆಲಸ ಹೋಗ್ತಿತ್ತಲ್ಲೇ! ನಿನಗೆ ಗೊತ್ತಿತ್ತು ತಾನೆ, ಗವಸಿನಿಂದ ಅಂತ?"

"ಗೊತ್ತಿತ್ರೀ ಅಕ್ಕಾರ."

"ಮತ್ತೆ ಬರೀಬೇಕಾಗಿತ್ತು!"

"ಬರದ್ರ ನಿಮ್ಮ ಹೆಸರು ಬರ್ತಿತ್ರೀ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವ ಹೇಳ್ತೀರಿ ಅಂತ ಕಾಯಾಕತ್ತಿದ್ದೆ. ಮಂಗಳವಾರದಿಂದ."

ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ, ಬೀರುವಿಗೆ ಬೀಗ ಹಾಕಿ, ಬುಟ್ಟಿ ಎತ್ತಿಕೊಂಡು ಹೊರಗೆ ನಡೆದೆ. ಬಸ್ಸು ಬರಲು ಇನ್ನೂ ಅರ್ಧ ಗಂಟೆಯಿತ್ತು.